ಮೊದಲು ತೆರೆಯುವ ಊರು

ಇದನ್ನು ಹೇಳಲು ನಾನು ತಕ್ಕವನೆಂದು ನನಗೇ ನಂಬಿಕೆಯಿಲ್ಲ. ಅದಕ್ಕೇ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಕಂಪ್ಯೂಟರ್ ಬಲ್ಲವರಿಗೆ ಇದು ಮಕ್ಕಳಾಟದಂತೆ ಕಂಡೀತು; ಉಳಿದವರು, ಇದರಲ್ಲಿ ಕಥೆ ಎಲ್ಲಿದೆ ಎಂದು ಕೇಳಬಹುದು. ಇಲ್ಲಿ ಯಾರೂ ಸತ್ತಿಲ್ಲ, ಯಾರ ಸಂಸಾರವೂ ಒಡೆದಿಲ್ಲ. ಭೀಮರಾಯನಗುಡಿ ಕ್ಯಾಂಪಿನ ಒಂದು ಹಳೆಯ ಕ್ವಾರ್ಟರ್ಸಿನಲ್ಲಿ ಕೆಲವು ದಿನ ನಕಾಶೆಗಳು ತಡವಾಗಿ ತೆರೆದುಕೊಂಡವು, ಅಷ್ಟೆ. ಆದರೂ ಹೇಳದೆ ಬಿಟ್ಟರೆ ಭುವನೇಶ್ವರಿಯ ಆ ದಿನದ ಮುಖ ನನ್ನನ್ನು ಬಿಡುವುದಿಲ್ಲ.

ಬುಧವಾರ ಮುಂಜಾನೆ ಅವಳು ಆಫೀಸಿನ ಮೆಟ್ಟಿಲು ಹತ್ತುತ್ತಿದ್ದಂತೆ ಒಳಗಿನ ಮಾತು ನಿಂತಿತು. ಅವಳನ್ನು ಕಂಡೇ ನಿಂತಿತೋ, ಮಾತು ಮುಗಿಯುವ ಹೊತ್ತಿಗೆ ಅವಳು ಬಂದಳೋ ತಿಳಿಯದೆ ಚಪ್ಪಲಿ ಬಿಡುವುದಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡಳು. ಊದಿನಕಡ್ಡಿಯ ಹೊಗೆ ಫ್ಯಾನಿನ ಕೆಳಗೆ ಸಿಕ್ಕಿ ಚೂರಾಗುತ್ತಿತ್ತು. ಕಾಲುವೆ ಕಟ್ಟುವ ಕಾಲಕ್ಕೆ ಯಾವನೋ ಇಂಜಿನಿಯರನ ಸಂಸಾರ ಇದ್ದ ಮನೆ ಅದು. ಅಡುಗೆಮನೆಯ ಕಟ್ಟೆಯ ಮೇಲೆ ಈಗ ಸ್ಕ್ಯಾನರ್ ಕೂತಿತ್ತು, ಬಚ್ಚಲಿನಲ್ಲಿ ಸರ್ವರ್. ನಿಜಾಮರ ಕಾಲದ ಊರು ನಕಾಶೆಗಳನ್ನು ಸ್ಕ್ಯಾನ್ ಮಾಡಿ ಆ ಸರ್ವರಿನಲ್ಲಿಟ್ಟಿದ್ದರು. ಎಲ್ಲರೂ ತಮ್ಮ ತಮ್ಮ ಕುರ್ಚಿಯಿಂದ, ವೈರಿನ ಮೂಲಕ, ಅಲ್ಲಿಂದಲೇ ಅವುಗಳನ್ನು ತೆರೆಯಬೇಕು. ತಿಮ್ಮಣ್ಣನಂಥವರು ಹೊಲದ ಗೆರೆಗಳ ಮೇಲೆ ಗೆರೆ ಎಳೆಯುತ್ತಿದ್ದರು. ಒಂದು ಊರು ಹಿಡಿದರೆ ವಾರಗಟ್ಟಲೆ ಅದೇ ಊರು. ನಕಾಶೆಯ ಮೇಲಿನ ಉರ್ದು ಬರಹ ಓದಿ, ಬಾವಿ, ಹಳ್ಳ, ಖಬರಸ್ಥಾನಗಳ ಹೆಸರನ್ನು ಕನ್ನಡದಲ್ಲಿ ಕೂಡಿಸುವವಳು ಅರ್ಜುಮಂದ ಒಬ್ಬಳೇ. ಅವಳು ಒಂದಾದ ಮೇಲೊಂದು ಊರು ತೆರೆಯುತ್ತ ಹೋಗಬೇಕು. ಇದೆಲ್ಲ ನಿಲ್ಲದೆ ನಡೆಯುವಂತೆ ನೋಡಿಕೊಳ್ಳುವುದು ಭುವನೇಶ್ವರಿಯ ಕೆಲಸ. ನಿಲ್ಲದೆ ನಡೆದಷ್ಟು ದಿನ ಅವಳೊಬ್ಬಳು ಅಲ್ಲಿದ್ದಾಳೆಂಬುದು ಯಾರಿಗೂ ನೆನಪಿರುತ್ತಿರಲಿಲ್ಲ. ಅವಳಿಗೂ ಅದೇ ಹಿತವಾಗಿತ್ತು.

ಅಲ್ಲೊಂದು ರೂಢಿ ಇತ್ತು, ಯಾರೂ ಹೇಳಿಕೊಡದೆ ತಾನೇ ಬೆಳೆದದ್ದು. ಮುಂಜಾನೆ ಮಷಿನ್ ಹಚ್ಚಿದ ಕೂಡಲೆ ಪ್ರತಿಯೊಬ್ಬರೂ ಮೊದಲು ತಮ್ಮ ಸ್ವಂತ ಊರಿನ ನಕಾಶೆ ತೆರೆಯಬೇಕು. ಪರದೆಗೆ ಊದಿನಕಡ್ಡಿ ತಿರುವಿ, ಅದನ್ನೂ ಅಂದಿನ ಕೆಲಸದ ಊರನ್ನೂ ತೆರೆಯಲು ಬಿಟ್ಟು, ಕಾಲುವೆ ಗೇಟಿನ ಹತ್ತಿರದ ಅಂಗಡಿಗೆ ಚಹಾಕ್ಕೆ ಹೋಗಬೇಕು. ಬರುವಷ್ಟರಲ್ಲಿ ಊರು ಪರದೆಯ ತುಂಬ ಬಿಚ್ಚಿಕೊಂಡಿರುತ್ತಿತ್ತು. ತಿಮ್ಮಣ್ಣನದು ಹತ್ತಿಗೂಡೂರು. ಎಲ್ಲರ ಮೇಲ್ವಿಚಾರಕ ಮಹೇಶಕುಮಾರನದು ರಸ್ತಾಪುರ. ಭುವನೇಶ್ವರಿಯದು ಬೋನಾಳ; ಅಲ್ಲಿನ ಕೆರೆಯ ಅಂಚಿಗೆ ಆ ಕಾಲದ ಯಾರೋ ಮಸಿಯಲ್ಲಿ ಎಳೆದ ಸಣ್ಣ ಸಣ್ಣ ಅಲೆಗಳನ್ನು ನೋಡಿದರೆ ಅವಳಿಗೆ ಆ ದಿನ ಸರಿಹೋದೀತು ಅನ್ನಿಸುತ್ತಿತ್ತು. ಅರ್ಜುಮಂದ ಕಡೇಚೂರಿನವಳು. ಈ ಕಾಲುವೆ ಅತ್ತ ಹೋಗಿಲ್ಲ, ಅವಳ ಊರು ಈ ಸರ್ವರಿನಲ್ಲಿಲ್ಲ. ಅವಳು ಬಂದವಳೇ ಸುಮ್ಮನೆ ಕೆಲಸಕ್ಕೆ ಕೂಡುತ್ತಿದ್ದಳು. "ಆ ಕುರ್ಚಿಗಿ ಊರೂ ಇಲ್ಲ, ಕಡ್ಡೀನೂ ಇಲ್ಲ," ಎಂದು ತಿಮ್ಮಣ್ಣ ಒಮ್ಮೆ ಅಂದಿದ್ದ. ಯಾರೂ ನಕ್ಕಿರಲಿಲ್ಲ. ಹಾಗೆ ಅನ್ನಬಾರದೆಂದು ಯಾರೂ ಹೇಳಿರಲೂ ಇಲ್ಲ, ಭುವನೇಶ್ವರಿಯೂ.

ಈಗ ಅರ್ಜುಮಂದ ಕುರ್ಚಿಗೆ ಬೆನ್ನು ಹಚ್ಚಿ, ಕೈಕಟ್ಟಿ, ಪರದೆಯ ಮೇಲೆ ತಿರುಗುವ ಚಕ್ರವನ್ನು ನೋಡುತ್ತ ಕೂತಿದ್ದಳು. ಆ ಕೈಕಟ್ಟಿದ ರೀತಿಯೇ ಒಂದು ದೂರು. ಭುವನೇಶ್ವರಿ ಅತ್ತ ನೋಡದೆ ಬಚ್ಚಲಿಗೆ ಹೋಗಿ ಸರ್ವರಿನ ಮೇಲೆ ಕೈಯಿಟ್ಟಳು. ಜ್ವರ ಬಂದವರ ಹಣೆ ಮುಟ್ಟಿದ ಹಾಗೆ. ರವಿವಾರ ಯಾರೂ ಇಲ್ಲದ ಹೊತ್ತಿನಲ್ಲಿ ಅವಳೇ ಎಲ್ಲ ಮಷಿನ್‌ಗಳಿಗೂ ಹೊಸ ಕರ್ನೆಲ್, ಅಂದರೆ ಮಷಿನ್ನನ್ನು ನಡೆಸುವ ಬುಡದ ಪ್ರೋಗ್ರಾಂ, ಹಾಕಿದ್ದಳು. ಹಳೆಯದರಲ್ಲಿ ಕಳ್ಳರು ನುಗ್ಗುವಂಥ ಕಂಡಿ ಇದೆಯೆಂದು ಎಚ್ಚರಿಕೆ ಬಂದಿತ್ತು. ಬೇರೆಯವರಾದರೆ ಓದಿ ಬಿಡುತ್ತಿದ್ದರು. ಅವಳು ಅದನ್ನು ಓದಿದ ದಿನದಿಂದ ನಿದ್ದೆಗೆಟ್ಟು, ನಾಳೆ ಏನಾದರೂ ಆದರೆ ಓದಿಯೂ ಸುಮ್ಮನಿದ್ದವಳು ಇವಳೇ ಎಂದು ಯಾರು ಯಾವ ದನಿಯಲ್ಲಿ ಹೇಳಿಯಾರೆಂಬುದನ್ನು ಮನಸ್ಸಿನಲ್ಲಿ ಕೇಳಿಸಿಕೊಂಡು, ಕೇಳಿಸಿಕೊಂಡು, ಕಡೆಗೆ ಬಸ್ಸು ಹತ್ತಿ ಬಂದಿದ್ದಳು. ಹೊಸದನ್ನು ಹಾಕಿ, ಮಷಿನ್ ಮತ್ತೆ ಹಚ್ಚಿ, ಬೋನಾಳ ತೆರೆದಳು. ಸ್ವಲ್ಪ ತಡವಾಯಿತು. ಶಹಾಪುರದಲ್ಲಿ ಗೊಬ್ಬರದ ಅಂಗಡಿಯ ಮಾಳಿಗೆ ಮೇಲೆ ನಡೆಯುತ್ತಿದ್ದ ಸಂಜೆ ಕ್ಲಾಸಿನಲ್ಲಿ, ಕಾಳಿನ ಹುಳದ ಔಷಧದ ವಾಸನೆಯ ನಡುವೆ, ಮಾಸ್ತರರು ಹೇಳಿದ್ದರು: ಈಗಷ್ಟೇ ಎದ್ದ ಮಷಿನ್ ಮೊದಲ ಸಲ ತಡವರಿಸುತ್ತದೆ, ಆ ಮೊದಲ ಸಲವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಹಗಲೆಲ್ಲ ಜೆರಾಕ್ಸ್ ಅಂಗಡಿಯಲ್ಲಿ ನಿಂತು ಕಾಲು ಸೋತು ಬಂದವಳು ಅದನ್ನು ಬರೆದುಕೊಂಡಿದ್ದಳು, ಉಳಿದವರು ಆಕಳಿಸುತ್ತಿದ್ದಾಗ. ಹಾಗಾಗಿ ಬೋನಾಳವನ್ನು ಮುಚ್ಚಿ ಇನ್ನೊಮ್ಮೆ ತೆರೆದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಕೆರೆ ಬಂತು. ಸಮಾಧಾನದಿಂದ ಮನೆಗೆ ಹೋದಳು.

ಆ ಸಮಾಧಾನ ಸೋಮವಾರ ಅರ್ಜುಮಂದ ಬಾಯಿ ತೆರೆಯುವ ತನಕ ಇತ್ತು. "ಮ್ಯಾಡಮ್, ನಂದು ನಡ್ಯಾಕತ್ತಿಲ್ಲ. ಒಂದೊಂದು ನಕ್ಷಾ ಬರೂದ್ರಾಗ ಜೀವ ಹೈರಾಣ ಆಗಾಕತ್ತದ." ಭುವನೇಶ್ವರಿ ವೈರು ಬದಲಿಸಿದಳು. ಎಲ್ಲರ ವೈರು ಕೂಡುವ ಸ್ವಿಚ್ಚಿನಲ್ಲಿ ಬೇರೆ ತೂತಿಗೆ ಚುಚ್ಚಿದಳು. ಸರ್ವರಿನ ಡಿಸ್ಕುಗಳನ್ನು ನೋಡಿದಳು. ಪ್ರತಿಯೊಂದು ಮಾಡಿದಾಗಲೂ ಅರ್ಜುಮಂದಳ ಕುರ್ಚಿಯಲ್ಲಿ ಕೂತು ಬೋನಾಳ ತೆರೆದು, ಮೊದಲ ಸಲವನ್ನು ಬಿಟ್ಟು, ಎರಡನೆಯ ಸಲ ನೋಡಿದಳು. ಕೆರೆ ಥಟ್ಟನೆ ಬರುತ್ತಿತ್ತು. ಎದ್ದು ನಿಂತು, "ಸರಿ ಅದಲ್ರಿ," ಅನ್ನುತ್ತಿದ್ದಳು. ಆ ಮಾತಿನಲ್ಲಿ ತನಗೇ ತಿಳಿಯುವಂಥ ಒಂದು ಖುಷಿ ಇರುತ್ತಿತ್ತು, ಅದನ್ನು ಅವಳು ನಾಲಿಗೆಯಿಂದ ಒರೆಸಲು ನೋಡುತ್ತಿದ್ದಳು. ಯಾಕೆಂದರೆ ಅರ್ಜುಮಂದ ಒಮ್ಮೆ, ಬಹಳ ಹಿಂದೇನಲ್ಲ, ಭುವನೇಶ್ವರಿ ಯಾವುದೋ ಇಂಗ್ಲಿಷ್ ಸೂಚನೆಯನ್ನು ತಡವರಿಸಿ ಓದಿದಾಗ ಎಲ್ಲರೆದುರು, "ಬಿಡ್ರಿ, ಸಂಜಿ ಸಾಲಿ ಕಲ್ತವ್ರಿಗೆ ಮುಂಜಾನಿ ಅಷ್ಟು ಕಣ್ಣು ಕಾಣಂಗಿಲ್ಲ," ಅಂದಿದ್ದಳು. ಆಗ ಎಲ್ಲರೂ ನಕ್ಕಿದ್ದರು. ಭುವನೇಶ್ವರಿಯೂ ನಕ್ಕಿದ್ದಳು, ಎಲ್ಲರಿಗಿಂತ ಜೋರಾಗಿ, ಮತ್ತು ಆ ಸುಳ್ಳು ನಗೆ ಬಸ್ಸಿನಲ್ಲಿ ಸುರಪುರದ ತನಕ ಅವಳ ಜೊತೆಗೇ ಬಂದಿತ್ತು.

ಆದರೂ ಮಂಗಳವಾರ ಅವಳು ಮಹೇಶಕುಮಾರನ ಮೇಜಿನ ಹತ್ತಿರ ಹೋಗಿ ಹೇಳಿದ್ದಳು, ಇಲ್ಲವೆನ್ನುವಂತಿಲ್ಲ. "ಸರ್, ರವಿವಾರ ನಾ ಕರ್ನೆಲ್ ಬದಲಿ ಮಾಡೀನಿ. ಅದರಿಂದೇನರ ಆಗಿರಬೌದು." ಅವನು ಮೊಬೈಲಿನಿಂದ ಕಣ್ಣು ಎತ್ತಲಿಲ್ಲ. "ಎಲ್ಲಾ ಮಷಿನಿಗಿ ಹಾಕೀರಿಲ್ಲ?" "ಹೌದ್ರಿ." "ಮತ್ತ ಎಲ್ಲಾರ್ದು ಚಲೋ ನಡದದ. ಆಕಿದೊಂದs ಯಾಕ ಕುಂಟಾಕತ್ತದ? ಮಷಿನ್ ಜಾತಿ ನೋಡ್ತದೇನ್ರಿ?" ತಿಮ್ಮಣ್ಣ ಅತ್ತ ಕೆಮ್ಮಿದ. ಮಹೇಶಕುಮಾರ ದನಿ ಏರಿಸಿ, ಅರ್ಜುಮಂದಳಿಗೆ ಕೇಳಲೆಂದೇ, ಮುಂದುವರಿಸಿದ್ದ: "ಮಾಡೂ ಮನಸಿಲ್ಲಂದ್ರ ಹೇಳ್ಬೇಕು. ಉರ್ದು ಬರೂವ್ರು ಯಾದಗಿರಿಯಾಗ ಆಕಿ ಒಬ್ಬಾಕೀನೇ ಇಲ್ಲ. ಈ ವಾರ ಸುಧಾರಿಸ್ಲಿಲ್ಲಂದ್ರ ಸೋಮವಾರ ಬರೂದು ಬ್ಯಾಡ." ಅರ್ಜುಮಂದಳ ಬೆನ್ನು ಅಲುಗಲಿಲ್ಲ. ಅವಳು ಹಿಂದೆ ಉರ್ದು ಸಾಲೆಯೊಂದರಲ್ಲಿ ಕಲಿಸುತ್ತಿದ್ದವಳು, ಆ ಸಾಲೆ ಮುಚ್ಚಿದ ಮೇಲೆ ಬಹಳ ಅಲೆದು ಇಲ್ಲಿ ಬಂದು ಕೂತವಳು. ಈ ಕುರ್ಚಿ ಹೋದರೆ ಇನ್ನೊಂದು ಇಲ್ಲ. ಇದು ಎಲ್ಲರಿಗೂ ಗೊತ್ತಿತ್ತು.

ಬುಧವಾರ ಮಧ್ಯಾಹ್ನದ ಹೊತ್ತಿಗೆ ಸೆಕೆ ಗೋಡೆಯಿಂದಲೇ ಬರುತ್ತಿತ್ತು. ಅರ್ಜುಮಂದ ಎದ್ದು ನಿಂತು, "ಸರ್, ಬಂದು ಕಣ್ಲೆ ನೋಡ್ರಿ. ಎಷ್ಟು ಸಲ ಹೇಳ್ಬೇಕು?" ಅಂದಳು. ಆ ದನಿಯಲ್ಲಿ ಬೇಡಿಕೆಯ ತುಣುಕಾದರೂ ಇದ್ದಿದ್ದರೆ ಮುಂದಿನದು ಆಗುತ್ತಿರಲಿಲ್ಲವೇನೋ. ಮಹೇಶಕುಮಾರ ಕುರ್ಚಿ ಹಿಂದೆ ನೂಕಿದ. "ಬರ್ರಿ ಎಲ್ಲಾರೂ. ಇವತ್ತು ಪಂಚರ ಮುಂದs ಆಗ್ಲಿ." ತಿಮ್ಮಣ್ಣನ ಮಷಿನ್‌ನಲ್ಲಿ ಹತ್ತಿಗೂಡೂರು ತೆರೆಸಿದ. ಬಂತು. ತನ್ನದರಲ್ಲಿ ರಸ್ತಾಪುರ ತೆರೆದ. ಬಂತು. "ಸಿಸ್ಟಂ ಮ್ಯಾಡಮ್, ನಿಮ್ಮ ಕೆರಿ?" ಭುವನೇಶ್ವರಿ ಬೋನಾಳ ತೆರೆದಳು. ಬಂತು. "ಈಗ ನೀವು ತಗೀರಿ ನಿಮ್ಮೂರು." ಅರ್ಜುಮಂದ ಅವನನ್ನೇ ನೋಡಿ, "ನಮ್ಮೂರು ಇದ್ರಾಗ ಇಲ್ಲಂತ ನಿಮಗ ಗೊತ್ತದ," ಅಂದಳು. "ಅದಕ್ಕs ನೋಡ್ರಿ," ಎಂದು ತಿಮ್ಮಣ್ಣ ಹಿಂದಿನಿಂದ, "ಊರಿಲ್ಲದವ್ರಿಗಿ ಊರು ಹ್ಯಾಂಗ ಬರಬೇಕು?" ಈ ಸಲ ನಕ್ಕರು. ಅವಳು ಕೈಗೆ ಸಿಕ್ಕ ಯಾವುದೋ ಊರು ಒತ್ತಿದಳು. ಚಕ್ರ ತಿರುಗಿತು. ಎಲ್ಲರೂ ನಿಂತು ನೋಡಿದರು, ಚಕ್ರ ತಿರುಗುತ್ತಲೇ ಇತ್ತು. ಯಾರೋ ಬಾಯಲ್ಲಿ ಕಾರಖಾನೆಯ ಸೀಟಿಯಂತೆ ಸದ್ದು ಮಾಡಿದರು, ಕಡೇಚೂರಿನಲ್ಲಿ ಕಾರಖಾನೆಗಳಿವೆ. ನಗೆ ಹೆಚ್ಚಿತು. ನಕಾಶೆಯ ಮೇಲ್ಭಾಗದ ಒಂದು ಪಟ್ಟಿ ಬಂತು, ನಿಂತಿತು, ಇನ್ನೊಂದು ಪಟ್ಟಿ ಬಂತು.

ಆಗಲೇ ಭುವನೇಶ್ವರಿಗೆ ತಿಳಿದದ್ದು. ಎಲ್ಲರೂ ಮುಂಜಾನೆಯೇ ತೆರೆದಿಟ್ಟ ಊರನ್ನೇ ಮತ್ತೆ ತೆರೆದಿದ್ದರು. ಅವು ಸರ್ವರಿನಿಂದ ಬಂದೇ ಇರಲಿಲ್ಲ. ಒಮ್ಮೆ ಬಂದು ಅವರವರ ಮಷಿನ್ನಿನ ನೆನಪಿನಲ್ಲಿ ಕೂತಿದ್ದವು. ತಡವಾಗುವ ಮೊದಲ ಸಲವನ್ನು ಅವರೆಲ್ಲ ಚಹಾದ ಅಂಗಡಿಯಲ್ಲಿ ಕಳೆದುಬಿಟ್ಟಿದ್ದರು. ತಾನೂ ಅಷ್ಟೆ: ಲೆಕ್ಕಕ್ಕೆ ಹಿಡಿಯಬೇಡಿ ಎಂದು ಕಲಿತದ್ದನ್ನೇ ನಂಬಿ, ದೋಷ ಕಾಣುತ್ತಿದ್ದ ಆ ಮೊದಲ ಸಲವನ್ನೇ ಸೋಮವಾರದಿಂದ ತೊಳೆದು ಚೆಲ್ಲುತ್ತಿದ್ದಳು. ಈ ಮನೆಯಲ್ಲಿ ಹೊಸ ಊರನ್ನು ಮತ್ತೆ ಮತ್ತೆ ಮೊದಲ ಸಲ ತೆರೆಯುವವಳು ಒಬ್ಬಳೇ. ಎಲ್ಲರ ಮಷಿನ್ನೂ ಕುಂಟುತ್ತಿದೆ, ನಡೆಯುತ್ತಿರುವವಳು ಇವಳೊಬ್ಬಳಾದ್ದರಿಂದ ಕುಂಟು ಇವಳಲ್ಲೇ ಕಾಣುತ್ತಿದೆ. ಇಷ್ಟೂ ಒಂದೇ ಉಸಿರಿಗೆ ತಿಳಿಯಿತು, ಮತ್ತು ಆ ಉಸಿರನ್ನು ಅವಳು ಹೊರಗೆ ಬಿಡಲಿಲ್ಲ. ತಿಮ್ಮಣ್ಣನಿಗೆ ಬೇರೆ ಊರು ತೆರೆಯಲು ಹೇಳಿದ್ದರೆ ಸಾಕಿತ್ತು. ಒಂದು ಮಾತು. ಬಾಯಿ ಒಣಗಿತ್ತೆಂದು, ಇನ್ನೂ ಖಾತ್ರಿಯಿಲ್ಲವೆಂದು, ಪರೀಕ್ಷಿಸದೆ ಹೇಳಬಾರದೆಂದು, ಆಮೇಲೆ ತನಗೆ ತಾನೇ ಹಲವು ಬಗೆಯಲ್ಲಿ ಹೇಳಿಕೊಂಡಳು. ನಿಜವೆಂದರೆ ಅರ್ಜುಮಂದಳ ಕಿವಿ ಕೆಂಪಾಗುವುದನ್ನು ಅವಳು ನೋಡುತ್ತ ನಿಂತಿದ್ದಳು. ನಕ್ಕವರ ನಡುವೆ ಈ ಸಲ ತಾನು ಜೋರಾಗಿ ನಗಬೇಕಾಗಿರಲಿಲ್ಲ. ಆ ಕ್ಷಣ ಅರ್ಜುಮಂದ ತಲೆ ಎತ್ತಿ, ಬೇರೆ ಯಾರನ್ನೂ ಬಿಟ್ಟು, ಅವಳ ಮುಖವನ್ನು ನೋಡಿದಳು.

ಊಟದ ಹೊತ್ತಿಗೆ ಎಲ್ಲರೂ ಬೇವಿನ ಗಿಡದ ಕೆಳಗೆ ಡಬ್ಬಿ ಬಿಚ್ಚಿದಾಗ ಭುವನೇಶ್ವರಿ ಅರ್ಜುಮಂದಳ ಕುರ್ಚಿಯಲ್ಲಿ ಕೂತಳು. ಕುರ್ಚಿ ಇನ್ನೂ ಬೆಚ್ಚಗಿತ್ತು, ಅದನ್ನು ಅವಳಿಗೆ ಸಹಿಸಲಾಗಲಿಲ್ಲ. ಮಷಿನ್ನನ್ನು ಹಳೆಯ ಕರ್ನೆಲಿನ ಮೇಲೆ ಎಬ್ಬಿಸಿದಳು. ಯಾರದೂ ಅಲ್ಲದ, ಯಾರೂ ತೆರೆಯದ ಒಂದು ಊರನ್ನು ತೆರೆದಳು. ಸರಾಗ ಬಂತು. ಹೊಸದರ ಮೇಲೆ ಎಬ್ಬಿಸಿ ಇನ್ನೊಂದು ಊರು. ಪಟ್ಟಿ ಪಟ್ಟಿಯಾಗಿ, ಬಿಕ್ಕಳಿಸುತ್ತ. ಹೊರಗೆ ತಿಮ್ಮಣ್ಣ ಅದೇ ಸೀಟಿಯ ಸದ್ದನ್ನು ಮತ್ತೆ ಮಾಡಿ ತೋರಿಸುತ್ತಿದ್ದ. ಅವಳು ಹುಡುಕಿ, ಓದಿ, ತಿಳಿಯದ್ದನ್ನು ಮತ್ತೆ ಓದಿ, ಕಡೆಗೆ ಒಂದು ಅಂಕಿಗೆ ಬಂದು ನಿಂತಳು. ದೊಡ್ಡ ಕಡತವನ್ನು ದೂರದಿಂದ ತರುವಾಗ ಕರ್ನೆಲ್ ಕೇಳಿದಷ್ಟನ್ನೇ ತರುವುದಿಲ್ಲ. ಮುಂದೆ ಏನು ಕೇಳಬಹುದೆಂದು ತಾನೇ ಊಹಿಸಿ ಮೊದಲೇ ತಂದಿಡುತ್ತದೆ. ಹಳೆಯದು ತೋಳ್ತುಂಬ ಬಾಚಿ ತರುತ್ತಿತ್ತು. ಹೊಸದು ಬೊಗಸೆಯಷ್ಟು ತಂದು, ಮುಂದಿನದನ್ನು ಕೇಳುವ ತನಕ ಬಾಗಿಲಲ್ಲಿ ನಿಲ್ಲುತ್ತಿತ್ತು. ಒಂದು ಸಲಕ್ಕೆ ಎಷ್ಟು ತರಬೇಕೆಂದು ಹೇಳುವ ಆ ಅಂಕಿ ಹೊಸದರಲ್ಲಿ ಸಣ್ಣದಾಗಿತ್ತು, ಅಷ್ಟೇ ದೋಷ. ಅವಳಿಗೆ ಆ ಹೊಸ ಕರ್ನೆಲಿನ ಮೇಲೆ ಹೊಟ್ಟೆಕಿಚ್ಚಾಯಿತು. ಹುಟ್ಟಿದಾಗಿನಿಂದ ಅವಳು ಮುಂದಿನದನ್ನು ಮೊದಲೇ ತಂದಿಟ್ಟುಕೊಂಡವಳು: ಯಾರು ಏನು ಅಂದಾರು, ಅಂದರೆ ತಾನೇನು ಅನ್ನಬೇಕು, ಅಂದ ಮೇಲೆ ಅವರ ಮುಖ ಹೇಗಾದೀತು. ಆದರೆ ಈ ಮಧ್ಯಾಹ್ನ, ಒಂದು ಮಾತು ಬೇಕಾದಾಗ, ಅಷ್ಟೆಲ್ಲ ತಂದಿಟ್ಟದ್ದರಲ್ಲಿ ಅದೊಂದು ಇರಲಿಲ್ಲ. ಅಂಕಿಯನ್ನು ಹೆಚ್ಚಿಸಿದಳು. ಇನ್ನೊಂದು ಊರು ತೆರೆದಳು. ಬಾಗಿಲು ತೆಗೆದ ಹಾಗೆ ಬಂತು. ಎಲ್ಲ ಮಷಿನ್‌ಗಳಲ್ಲೂ ಬದಲಿಸಿ, ಕೈ ತೊಳೆದುಕೊಂಡು, ತಣ್ಣಗಾದ ರೊಟ್ಟಿಯನ್ನು ಬಚ್ಚಲಲ್ಲಿ ನಿಂತೇ ತಿಂದಳು.

ಗುರುವಾರ ಅರ್ಜುಮಂದಳ ಪರದೆಯ ಮೇಲೆ ಊರುಗಳು ಒಂದರ ಹಿಂದೆ ಒಂದು ಬಂದು ಹೋದವು. ಅವಳು ತಲೆ ಎತ್ತದೆ ಓದುತ್ತಿದ್ದಳು, ಟೈಪು ಮಾಡುತ್ತಿದ್ದಳು. ಇದನ್ನು ಮೊದಲು ಕಂಡವನು ಮಹೇಶಕುಮಾರ. "ನೋಡಿದ್ಯಾ ತಿಮ್ಮಣ್ಣ? ನಿನ್ನಿ ನಾಲ್ಕು ಮಂದಿ ಮುಂದ ಇಜ್ಜತ್ ತಗದ ಮ್ಯಾಲ ಮಷಿನ್ ತಾನs ಓಡಾಕತ್ತದ. ಇದಕ್ಕ ಯಾವ ಕರ್ನೆಲೂ ಬ್ಯಾಡ." ಇದೊಂದನ್ನು ಭುವನೇಶ್ವರಿ ಊಹಿಸಿರಲಿಲ್ಲ. ಎದ್ದು ನಿಂತಳು. ದನಿ ಎಲ್ಲಿಂದಲೋ ಬಂತು. "ಸರ್, ಆಕಿದು ತಪ್ಪಿರಲಿಲ್ರಿ. ತಪ್ಪು ನಂದು. ನನ್ನ ಕರ್ನೆಲಿನಿಂದ ಎಲ್ಲಾರ್ದೂ ನಿಧಾನ ಆಗಿತ್ತು. ನಿನ್ನಿ ಮಧ್ಯಾಹ್ನ ನಾ ಸರಿ ಮಾಡೀನಿ. ಬೇಕಾದ್ರ ಆ ಸಣ್ಣ ಅಂಕಿ ಮತ್ತ ಹಾಕಿ ತೋರಸ್ತೀನಿ, ನಿಮ್ಮ ಮಷಿನಿನ್ಯಾಗs." ಮಹೇಶಕುಮಾರ ಅವಳನ್ನು ಬಹಳ ಮೆತ್ತಗೆ ನೋಡಿದ. ಅಂಥ ಮೆತ್ತನೆಯ ನೋಟವನ್ನು ಅವಳು ಜೆರಾಕ್ಸ್ ಅಂಗಡಿಯ ಗಿರಾಕಿಗಳಲ್ಲಿ ಕಂಡಿದ್ದಳು. "ಮ್ಯಾಡಮ್, ನೀವು ಭಾಳ ಒಳ್ಳೇವ್ರು. ಅದs ನಿಮ್ಮ ರೋಗ. ಮಂದಿ ತಪ್ಪು ಯಾಕ ತಲಿ ಮ್ಯಾಲ ಹೊತ್ಕೊಂತೀರಿ? ನಂದೇನ್ ನಿಧಾನ ಇರಲಿಲ್ಲ. ಹೋಗ್ರಿ, ಚಹಾ ಕುಡೀರಿ." ತಿಮ್ಮಣ್ಣ, "ಅಕ್ಕಾರು ದೇವ್ರಂಥವ್ರು," ಅಂದ. ತಪ್ಪನ್ನು ಒಪ್ಪಿಕೊಂಡರೆ ಬೈದಾರೆಂದು ಅವಳು ಎಲ್ಲ ಬೈಗುಳವನ್ನೂ ಸಿದ್ಧವಾಗಿ ಇಟ್ಟುಕೊಂಡಿದ್ದಳು. ಹೊಗಳಿಕೆಗೆ ಏನು ಮಾಡಬೇಕೆಂದು ತಿಳಿಯದೆ ಕೂತುಬಿಟ್ಟಳು. ಅರ್ಜುಮಂದ ಇಷ್ಟಕ್ಕೂ ತಿರುಗಿ ನೋಡಲಿಲ್ಲ. ಒಂದು ಊರು ಮುಚ್ಚಿ ಇನ್ನೊಂದನ್ನು ತೆರೆದಳು.

ಸಂಜೆ ಬಸ್ಸಿನ ಕಟ್ಟೆಯ ಹತ್ತಿರ ಇಬ್ಬರೇ ಉಳಿದರು. ಒಬ್ಬಳು ಯಾದಗಿರಿ ಕಡೆ, ಒಬ್ಬಳು ಸುರಪುರದ ಕಡೆ. ಕಾಲುವೆಯಲ್ಲಿ ನೀರು ಬಿಟ್ಟಿದ್ದರು. ಅರ್ಜುಮಂದ ದುಪಟ್ಟಾದ ಸೆರಗಿನಿಂದ ಕೊರಳು ಒರೆಸಿಕೊಳ್ಳುತ್ತ, ರಸ್ತೆಯನ್ನೇ ನೋಡುತ್ತ ಕೇಳಿದಳು. "ನಿನ್ನಿ ಅವರು ನಗಾಕತ್ತಾಗ್ಲೇ ನಿಮಗ ತಿಳಿದಿತ್ತೇನ್ರಿ?"

ಕರ್ನೆಲಿನ ತಪ್ಪನ್ನು ಒಪ್ಪುವುದು ಎಷ್ಟು ಸುಲಭವಾಗಿತ್ತೆಂದು ಭುವನೇಶ್ವರಿಗೆ ಆಗ ಗೊತ್ತಾಯಿತು. "ಹೌದ್ರಿ," ಅಂದಳು.

"ನಿಮ್ಮ ಮಾರಿ ಮ್ಯಾಲ ನೋಡಿದ್ದೆ. ಖರೇ ಹೇಳ್ತೀರೋ ಇಲ್ಲೋ ಅಂತ ಕೇಳಿದೆ, ಅಷ್ಟs."

"ಅವತ್ತು ನೀವು ಸಂಜಿ ಸಾಲಿ ಅಂದಿದ್ರಿ," ಎಂದು ಭುವನೇಶ್ವರಿಯ ಬಾಯಿಂದ ಬಂದುಬಿಟ್ಟಿತು, ಇಷ್ಟು ಸಣ್ಣದಾಗಿ, ಇಷ್ಟು ತಡವಾಗಿ ಬಂದದ್ದಕ್ಕೆ ನಾಚಿಕೆಯಾಗುವ ಮೊದಲೇ.

ಅರ್ಜುಮಂದ ಮೊದಲ ಸಲ ಅವಳತ್ತ ತಿರುಗಿದಳು. "ನಾನs? ಯಾವಾಗ?" ನಿಜವಾಗಿಯೂ ನೆನಪಿಲ್ಲದವರ ಮುಖ ಅದು. ಅಷ್ಟರಲ್ಲಿ ಯಾದಗಿರಿ ಬಸ್ಸು ಬಂತು. ಹತ್ತುವಾಗ ಅವಳು ಹಿಂತಿರುಗಿ, "ಅಂದಿದ್ರ ಅಂದಿರಬೇಕು ಬಿಡ್ರಿ. ನಂದು ನಾಲಿಗಿ ಹಂಗs ಅದ," ಅಂದಳು. ಅದು ತಪ್ಪೊಪ್ಪಿಗೆಯಂತೆ ಇರಲಿಲ್ಲ. ಬಸ್ಸು ಧೂಳೆಬ್ಬಿಸಿ ಹೋಯಿತು.

ಸೋಮವಾರ ಅರ್ಜುಮಂದ ಬಂದಳು, ಅವಳನ್ನು ಬೇಡವೆನ್ನಲು ಮಹೇಶಕುಮಾರನಿಗೆ ಕಾರಣ ಉಳಿದಿರಲಿಲ್ಲ. ಬಯ್ದು ದಾರಿಗೆ ತಂದೆನೆಂಬ ಮಾತನ್ನು ಅವನು ಇವತ್ತಿಗೂ ಆಡುತ್ತಾನೆ. ಎಲ್ಲರೂ ತಮ್ಮ ಊರು ತೆರೆದು, ಕಡ್ಡಿ ತಿರುವಿ ಚಹಾಕ್ಕೆ ಎದ್ದರು. ಈಗ ಊರುಗಳು ಅವರು ಕುರ್ಚಿಯಿಂದ ಏಳುವ ಮೊದಲೇ ಬರುತ್ತಿದ್ದವು, ಅದನ್ನು ಯಾರೂ ಗಮನಿಸಲಿಲ್ಲ. ಭುವನೇಶ್ವರಿ ಬಚ್ಚಲಿನಿಂದ ಹೊರಗೆ ಬಂದಾಗ ಕೋಣೆಯಲ್ಲಿ ಅರ್ಜುಮಂದ ಒಬ್ಬಳೇ ಇದ್ದಳು. ಎಂದೂ ಮೊದಲು ಊರು ತೆರೆಯದವಳು ಅವತ್ತು ಒಂದು ಊರು ತೆರೆದು, ಕೈಕಟ್ಟಿ, ಅದನ್ನೇ ನೋಡುತ್ತ ಕೂತಿದ್ದಳು. ದಾಟಿ ಹೋಗುವಾಗ ಭುವನೇಶ್ವರಿಗೆ ಕಂಡಿತು. ಬೋನಾಳ. ಕೆರೆಯ ಅಂಚಿನ ಸಣ್ಣ ಸಣ್ಣ ಅಲೆಗಳು. ಅವಳು ದಾಟುವ ತನಕ ಅದು ಪರದೆಯ ಮೇಲಿತ್ತು, ದಾಟಿದ ಮೇಲೆ ಮುಚ್ಚಿಕೊಂಡಿತು. ಮರುದಿನವೂ ಹಾಗೆಯೇ. ಇಂದಿಗೂ ಹಾಗೆಯೇ ನಡೆದಿದೆ, ಇಬ್ಬರೂ ಅದರ ಬಗ್ಗೆ ಮಾತಾಡಿಲ್ಲ.

ತನ್ನ ಊರು ಅಲ್ಲಿಲ್ಲವೆಂದು ಅರ್ಜುಮಂದ ಅವಳ ಊರನ್ನು ತೆಗೆದುಕೊಂಡಳೋ, ಆ ಬುಧವಾರವನ್ನು ಮರೆಯಬೇಡ ಎಂದು ದಿನಾ ಚುಚ್ಚುತ್ತಿದ್ದಾಳೋ, ಅಥವಾ ಮಷಿನ್ ಮತ್ತೆ ಕುಂಟುತ್ತದೆಯೇ ಎಂದು ನೋಡಲು ಕೈಗೆ ಸಿಕ್ಕದ್ದನ್ನು ತೆರೆಯುತ್ತಾಳೋ, ಭುವನೇಶ್ವರಿಗೆ ತಿಳಿದಿಲ್ಲ. ನನಗೂ ತಿಳಿದಿಲ್ಲ.